ಅಡಿಕೆಯ ಹಳದಿ ಎಲೆ ರೋಗ: ಮದ್ದು ಬಿಡುವ ಮೊದಲು



ಹಿತ್ತಿಲಿನ ಬದನೆ ಗಿಡವೊಂದು ಕಾಯಿ ಬಿಡುವುದನ್ನು ನಿಲ್ಲಿಸಿ, ಬೆರಳ ತುದಿಯಷ್ಟು ಸಣ್ಣ ಎಲೆಗಳನ್ನು ಗೊಂಚಲು ಗೊಂಚಲಾಗಿ ಬಿಡುವುದನ್ನು ನೀವು ಕಂಡಿರಬಹುದು. ದೃಷ್ಟಿ ತಾಗಿದೆ ಎಂದು ಕೆಲವರು, ಗೊಬ್ಬರ ಸಾಲದೆಂದು ಕೆಲವರು ಹೇಳುವುದುಂಟು. ಎರಡೂ ಅಲ್ಲ. ಅದು ಕಿರು ಎಲೆ ರೋಗ. ಫೈಟೋಪ್ಲಾಸ್ಮಾ ಎಂಬ, ಜೀವಕೋಶಕ್ಕೆ ಗೋಡೆಯೇ ಇಲ್ಲದ ಒಂದು ಬಗೆಯ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ರಸ ಹೀರುವ ಜಿಗಿಹುಳು. ಅಂಥ ಗಿಡವನ್ನು ಕಂಡ ದಿನವೇ ಕಿತ್ತು ಸುಡಬೇಕು.

ಬದನೆಯಾದರೆ ಕೀಳಬಹುದು. ಇದೇ ಬಗೆಯ ರೋಗಾಣು ಅಡಿಕೆ ತೋಟಕ್ಕೆ ಬಂದರೆ ಏನು ಮಾಡುವುದು? ಹಳದಿ ಎಲೆ ರೋಗ ಮಧ್ಯ ಕೇರಳದ ಚಾಲಕ್ಕುಡಿ, ಮೂವಾಟ್ಟುಪುಳ ಕಡೆಗಳಲ್ಲಿ 1914ರಲ್ಲೇ ವರದಿಯಾಗಿತ್ತು. ನಮ್ಮ ನೆರೆಯ ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ತೊಡಿಕಾನಗಳಲ್ಲಿ ಅದು ತೋಟಗಳನ್ನೇ ಬರಿದು ಮಾಡಿದೆ. ಆದುದರಿಂದ ಇದು ದೂರದ ಮಾತಲ್ಲ.

ಇಂತಹ ರೋಗಗಳನ್ನು ಬಹುಕಾಲ ವೈರಸ್ ರೋಗಗಳೆಂದೇ ತಿಳಿಯಲಾಗಿತ್ತು. 1967ರಲ್ಲಿ ಜಪಾನಿನ ವಿಜ್ಞಾನಿಗಳು ರೋಗ ತಗಲಿದ ಹಿಪ್ಪುನೇರಳೆ ಗಿಡದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಈ ಜೀವಿಗಳನ್ನು ಕಂಡ ಮೇಲೆ ತಿಳುವಳಿಕೆ ಬದಲಾಯಿತು. ಅಡಿಕೆಯಲ್ಲಿ ಪ್ರೌಟಿಸ್ಟಾ ಮೋಯೆಸ್ಟಾ ಎಂಬ ಸಣ್ಣ ಜಿಗಿಹುಳು ಇದರ ವಾಹಕವೆಂದು ಸಂಶೋಧಕರು ಗುರುತಿಸಿದ್ದಾರೆ. ಮಲೇರಿಯಾದ ಸೊಳ್ಳೆಯನ್ನು ನೆನೆಯಿರಿ. ಫೈಟೋಪ್ಲಾಸ್ಮಾವೂ ರಸದೊಂದಿಗೆ ಹುಳುವಿನ ಹೊಟ್ಟೆ ಸೇರಿ, ಅಲ್ಲಿ ವೃದ್ಧಿಯಾಗಿ, ಜೊಲ್ಲಿಗೆ ಬರುತ್ತದೆ. ಆ ಹುಳು ಮುಂದೆ ಕೂತ ಮರಕ್ಕೆ ರೋಗ ತಗಲಬಹುದು.

ಹಾಗಿರುವಾಗ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಿಂದ ಇಲ್ಲಿ ಏನು ಪ್ರಯೋಜನ? ಕೊಳೆರೋಗದ ರೋಗಾಣು ಮಳೆಯಲ್ಲಿ ಹೊರಗಿನಿಂದ ಕಾಯಿಗೆ ತಗಲುತ್ತದೆ. ಇದು ಮರದ ಆಹಾರನಾಳದೊಳಗೇ ಇದೆ. ಸಾಲ ಮಾಡಿ ತುತ್ತ ತಂದು ಹಳದಿ ಮರಕ್ಕೆ ಬಿಡುವುದು ಹಣವನ್ನು ತೋಡಿಗೆ ಸುರಿದಂತೆ. ಟೆಟ್ರಾಸೈಕ್ಲಿನ್ ಔಷಧಿ ಕೊಟ್ಟರೆ ಇಂತಹ ರೋಗಗಳ ಚಿಹ್ನೆ ಸ್ವಲ್ಪ ಕಾಲ ಅಡಗುವುದು ನಿಜ, ಆದರೆ ಔಷಧಿ ನಿಂತರೆ ಮರಳುತ್ತದೆ. ಮನುಷ್ಯರ ಜೀವ ಉಳಿಸಬೇಕಾದ ಔಷಧಿಯನ್ನು ತೋಟದಲ್ಲಿ ಮನಬಂದಂತೆ ಬಳಸಿದರೆ ಅದಕ್ಕೆ ಬಗ್ಗದ ರೋಗಾಣುಗಳು ಹುಟ್ಟಿಕೊಳ್ಳುತ್ತವೆ. ನಾಳೆ ನಮ್ಮ ಮಕ್ಕಳಿಗೆ ಜ್ವರ ಬಂದಾಗ ಅದು ಕೆಲಸ ಮಾಡಬೇಡವೇ?

ಮುಖ್ಯವಾದುದು ಸಸಿಯ ವಿಷಯ. ರೋಗವಿರುವ ಊರಿನಿಂದ ಸಸಿ ತರಲೇಬಾರದು. ಅಗ್ಗಕ್ಕೆ ಸಿಕ್ಕಿತು, ನೆಂಟರು ಕೊಟ್ಟರು ಎಂಬ ಕಾರಣ ಸಾಲದು. ಎಳೆ ಸಸಿಯಲ್ಲಿ ರೋಗಲಕ್ಷಣ ಕಾಣಬೇಕೆಂದಿಲ್ಲ. ಇನ್ನು, ತನ್ನ ತೋಟ ಹಳದಿಯಾದುದನ್ನು ಬಲ್ಲವನು ಅದನ್ನು ಮುಚ್ಚಿಟ್ಟು ಸಸಿ ಮಾರಿದರೆ, ಅದನ್ನು ನಾವು ಏಳನೆಯ ಕಟ್ಟಳೆಗೆ ವಿರುದ್ಧವೆಂದೇ ಹೇಳುತ್ತೇವೆ. ನೆರೆಯವನ ಹತ್ತಿಪ್ಪತ್ತು ವರ್ಷದ ಅನ್ನ ಅದರಲ್ಲಿದೆ.

ಹೊಸದಾಗಿ ಒಂದೆರಡು ಮರಗಳಿಗೆ ಮಾತ್ರ ರೋಗ ಬಂದಿದ್ದರೆ ಕಡಿದು ತೆಗೆಯುವುದು ಲೇಸು. ತೋಟವಿಡೀ ಹರಡಿದ್ದರೆ ಒಮ್ಮೆಗೇ ಕಡಿಯಬೇಡಿ. ನೀರು ನಿಲ್ಲದಂತೆ ಚರಂಡಿ ಬಿಡಿಸಿ, ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್ ಕೊಟ್ಟರೆ ರೋಗ ವಾಸಿಯಾಗದಿದ್ದರೂ ಇಳುವರಿ ಸ್ವಲ್ಪ ಉಳಿಯುತ್ತದೆ. ನಡುವೆ ಕೊಕ್ಕೋ, ಬಾಳೆ, ಕಾಳುಮೆಣಸು ಎಬ್ಬಿಸಿದರೆ ಮನೆ ನಡೆಯುತ್ತದೆ.

ಹಳದಿಯಾದುದೆಲ್ಲ ಈ ರೋಗವಲ್ಲ. ನೀರು ನಿಂತರೂ, ಬೇರುಹುಳು ತಿಂದರೂ ಸೋಗೆ ಹಳದಿಯಾಗುತ್ತದೆ. ಈ ರೋಗದಲ್ಲಿ ಕೆಳಗಿನ ಎರಡು ಮೂರು ಸೋಗೆಗಳ ಗರಿಯ ತುದಿಯಿಂದ ಹಳದಿ ಒಳಗೆ ಇಳಿಯುತ್ತದೆ, ನಡುನರದ ಬಳಿ ಹಸಿರು ಉಳಿದಿರುತ್ತದೆ. ಎಳೆ ಕಾಯಿ ಉದುರುತ್ತದೆ, ಅಡಿಕೆ ಕಡಿದರೆ ಒಳಗೆ ಕಪ್ಪಾಗಿ ಮೆದುವಾಗಿರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇದು ಎದ್ದು ಕಾಣುವುದರಿಂದ ಆಗಲೇ ತೋಟ ಸುತ್ತಿ ನೋಡಿ, ಸಂದೇಹ ಬಂದರೆ ಪಂಚಾಯತಿನ ಕೃಷಿ ಭವನಕ್ಕೋ ಕಾಸರಗೋಡು ಕೂಡ್ಲಿನ ಸಿ.ಪಿ.ಸಿ.ಆರ್.ಐ.ಗೋ ತಿಳಿಸಿರಿ.