ಕಡಿಮೆ ನೀರಿನ ಗಿಡ ಲೋಳೆಸರ

ನಮ್ಮ ಮನೆ ಚಿಕ್ಕದು. ಹಿತ್ತಿಲು ಇಲ್ಲ. ನೀರಿಗೂ ಕಷ್ಟ. ಗಿಡ ಎಲ್ಲಿ ಬೆಳೆಸೋದು?

ಅನೇಕ ಅಕ್ಕಂದಿರು ಹೀಗೆ ಕೇಳುತ್ತಾರೆ. ಕೇಳೋದು ಸರಿಯಾಗೇ ಇದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಬಹಳ ಜನ ಸತ್ತರು. ಆಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಜನರಿಗೆ ಗಾಳಿ ಬೇಕು, ಬೆಳಕು ಬೇಕು ಎಂದು ಅಗಲವಾದ ರಸ್ತೆ ಮಾಡಿದರು. ಮನೆಯ ಸುತ್ತ ಜಾಗ ಬಿಟ್ಟರು. ಆಗ ಹಿತ್ತಿಲಿತ್ತು, ಬಾವಿ ಇತ್ತು. ಈಗ ಎಷ್ಟೋ ಕಡೆ ಆ ಹಿತ್ತಿಲಿನಲ್ಲೂ ಮನೆ ಎದ್ದಿದೆ. ವಠಾರದಲ್ಲಿ ನಮಗೆ ಸಿಗೋದು ಒಂದು ಕಿಟಕಿ, ನಾಲ್ಕು ಮೆಟ್ಟಿಲು.

2024ರ ಬೇಸಿಗೆ ನೆನಪಿದೆಯಾ? ಊರಿನಲ್ಲಿ ಎಷ್ಟೋ ಬೋರ್‌ವೆಲ್ ಬತ್ತಿದವು. ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಬಾರದು ಎಂದು ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಆದೇಶ ಮಾಡಿತು. ತಪ್ಪಿದರೆ 5,000 ರೂಪಾಯಿ ದಂಡ ಎಂದಿತು.

ಹಾಗಾದರೆ ನಮಗೆ ಎಂಥ ಗಿಡ ಬೇಕು? ಸ್ವಲ್ಪ ಜಾಗ, ಸ್ವಲ್ಪ ನೀರು ಸಾಕು ಅನ್ನುವ ಗಿಡ. ಅದೇ ಲೋಳೆಸರ.

ಎಲೆಯೇ ನೀರಿನ ಕೊಡ

ದೃಷ್ಟಿ ತಾಗದಿರಲಿ ಎಂದು ಬಾಗಿಲಿಗೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟಿರುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ಮಣ್ಣಿಲ್ಲ, ನೀರಿಲ್ಲ. ಆದರೂ ಎಷ್ಟೋ ವಾರ ಹಸಿರಾಗಿರುತ್ತದೆ. ಹೇಗೆ?

ಅದರ ದಪ್ಪ ಎಲೆಯ ಒಳಗೆ ಲೋಳೆ ಇದೆ. ಲೋಳೆಯಲ್ಲಿ ಬಹುಪಾಲು ನೀರೇ. ಎಲೆಯ ಮೇಲೆ ಮೇಣದಂಥ ಪದರ ಇದೆ. ಎಲೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಾಯಿಗಳಿವೆ. ಬೇರೆ ಗಿಡಗಳು ಆ ಬಾಯಿಯನ್ನು ಹಗಲು ತೆರೆಯುತ್ತವೆ. ಲೋಳೆಸರ ಹಗಲು ಮುಚ್ಚಿಕೊಂಡು ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಹಾಗಾಗಿ ನೀರು ಆವಿಯಾಗಿ ಹೋಗೋದು ಕಡಿಮೆ. ಇದರ ಮೂಲ ಅರಬ್ ದೇಶದ ಒಣನೆಲ. ಅಲ್ಲಿ ಕಲಿತ ಉಳಿತಾಯ ಇದು.

ನೆಡುವುದು ಹೇಗೆ?

ಕುಂಡ ಕೊಳ್ಳಲೇಬೇಕು ಅಂತಿಲ್ಲ. ಹಳೆಯ ಡಬ್ಬ, ಒಡೆದ ಬಕೆಟ್ ಆದೀತು. ತಳದಲ್ಲಿ ನಾಲ್ಕೈದು ತೂತು ಮಾಡಿ. ಇದನ್ನು ಮರೆಯಬೇಡಿ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಳೆತ ಗೊಬ್ಬರ ಬೆರೆಸಿ ತುಂಬಿ.

ದೊಡ್ಡ ಗಿಡದ ಬುಡದಲ್ಲಿ ಮರಿಗಳು ಏಳುತ್ತವೆ. ನೆರೆಮನೆಯಿಂದ ಒಂದು ಮರಿ ಕೇಳಿ ತನ್ನಿ. ಎರಡು ದಿನ ನೆರಳಲ್ಲಿ ಇಡಿ. ಕಿತ್ತ ಗಾಯ ಒಣಗಲಿ. ಆಮೇಲೆ ನೆಡಿ. ನೆಟ್ಟ ಮೇಲೆ ನಾಲ್ಕೈದು ದಿನ ನೀರು ಬೇಡ.

ಬೆಳಕು ಬರುವ ಕಿಟಕಿಯಲ್ಲೋ ಮೆಟ್ಟಿಲ ಮೇಲೋ ಇಡಿ. ನೆರಳಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ಸುಡುವ ಬಿಸಿಲಿಗೆ ಇಡಬೇಡಿ. ದಿನಕ್ಕಿಷ್ಟು ಎಂದು ಬಿಸಿಲಿನ ಅಭ್ಯಾಸ ಮಾಡಿಸಿ.

ಪ್ರೀತಿ ಹೆಚ್ಚಾದರೆ ಕೊಳೆಯುತ್ತದೆ

ಲೋಳೆಸರ ಸಾಮಾನ್ಯವಾಗಿ ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಬೇರು ಕೊಳೆತರೆ ಗಿಡ ಉಳಿಯೋದು ಕಷ್ಟ. ಮೊದಲು ಮಣ್ಣಿಗೆ ಬೆರಳು ಇಳಿಸಿ ನೋಡಿ. ತೇವ ಇದ್ದರೆ ನೀರು ಬೇಡ. ಪೂರಾ ಒಣಗಿದ್ದರೆ ಮಾತ್ರ ಹಾಕಿ. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಸಾಕು. ಮಳೆಗಾಲದಲ್ಲಿ ಬೇಕಾಗೋದೇ ಅಪರೂಪ. ತರಕಾರಿ ತೊಳೆದ ನೀರಾದರೂ ನಡೆಯುತ್ತೆ. ಉಪ್ಪು, ಸೋಪು ಬೆರೆತ ನೀರು ಬೇಡ.

ಎಲೆ ತೆಳುವಾಗಿ ಸುರುಟಿದರೆ ಗಿಡಕ್ಕೆ ಬಾಯಾರಿದೆ.
ಎಲೆ ಹಳದಿಯಾಗಿ ಮೆತ್ತಗಾದರೆ ನೀರು ಜಾಸ್ತಿಯಾಗಿದೆ.
ಎಲೆ ಕೆಂಪು ಕಂದಾದರೆ ಬಿಸಿಲು ಜಾಸ್ತಿಯಾಗಿದೆ.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ವಾರ ಹತ್ತು ದಿನದಲ್ಲಿ ಅದೇ ಮೊಟ್ಟೆ ಹಾರುವ ಸೊಳ್ಳೆ.

ಔಷಧಿ ಎಂದು ತಿನ್ನಬಹುದಾ?

ಯೋಚಿಸಿ. ಎಲೆ ಕತ್ತರಿಸಿದರೆ ಮೊದಲು ಹಳದಿ ರಸ ಬರುತ್ತದೆ. ಅದು ಹೊಟ್ಟೆಗೆ ಹೋದರೆ ಹೊಟ್ಟೆ ನುಲಿಯುತ್ತದೆ, ಭೇದಿ ಆಗುತ್ತದೆ. ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಇದನ್ನು ತಿನ್ನಲೇಬಾರದು. ಬೇರೆಯವರೂ ವೈದ್ಯರನ್ನು ಕೇಳದೆ ತಿನ್ನಬೇಡಿ.

ಒಲೆಯ ಹತ್ತಿರ ಕೈ ಸುಟ್ಟಿತಾ? ಲೋಳೆಸರಕ್ಕೆ ಓಡಬೇಡಿ. ಮೊದಲು ನಲ್ಲಿಯ ತಣ್ಣೀರು ಬಿಡಿ, 20 ನಿಮಿಷ. ಇಲ್ಲಿ ನೀರಿನ ಜಿಪುಣತನ ಬೇಡ. ಚರ್ಮ ಸುಲಿದಿದ್ದರೆ, ಸುಟ್ಟ ಜಾಗ ದೊಡ್ಡದಿದ್ದರೆ, ಮಗುವಿಗೆ ಸುಟ್ಟಿದ್ದರೆ ಆಸ್ಪತ್ರೆಗೇ ಹೋಗಬೇಕು.

ಕತ್ತಾಳೆಯನ್ನು ನೋಡಿ ಲೋಳೆಸರ ಅಂದುಕೊಳ್ಳಬೇಡಿ. ಕತ್ತಾಳೆ ಎಲೆಯಲ್ಲಿ ಹಗ್ಗ ಹೊಸೆಯುವ ನಾರು ಇದೆ, ತುದಿಯಲ್ಲಿ ಗಟ್ಟಿ ಮುಳ್ಳು ಇದೆ. ಅದರ ರಸ ತಾಗಿದರೆ ಚರ್ಮ ಉರಿಯುತ್ತದೆ.

ನೀರು ಹಾಕಿದ ದಿನ ಕ್ಯಾಲೆಂಡರಿನಲ್ಲಿ ‘ನೀರು’ ಎಂದು ಬರೆಯಿರಿ. ಆಗ ಮನೆಯಲ್ಲಿ ಇಬ್ಬರು ಎರಡು ಸಲ ಹಾಕೋದು ತಪ್ಪುತ್ತದೆ. ನಾವು ಕಲಿತ ಅಕ್ಷರ ಹೀಗೂ ಒಂದು ಗಿಡವನ್ನು ಉಳಿಸುತ್ತದೆ.

ಮಾತನಾಡೋಣ
1. ಬಾಗಿಲಿಗೆ ಕಟ್ಟಿದ ಲೋಳೆಸರ ಬೇಗ ಒಣಗುವುದಿಲ್ಲ. ಯಾಕೆ?
2. ನಿಮ್ಮ ವಠಾರದಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತದೆ? ಯಾರು ಚೆಲ್ಲುತ್ತಾರೆ?

ಬರೆಯೋಣ
ಲೋಳೆಸರಕ್ಕೆ ನೀರು ಹಾಕುವ ಮೊದಲು ಮಣ್ಣಿಗೆ ______ ಇಳಿಸಿ ನೋಡಬೇಕು.
ಕೈ ಸುಟ್ಟರೆ ಮೊದಲು ______ ನಿಮಿಷ ತಣ್ಣೀರು ಬಿಡಬೇಕು.