ಪುಟ್ಟ ಮಕ್ಕಳು ಮತ್ತು ಮನೆಯ ಕರೆಂಟು

ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಟ್ಟುಕೊಳ್ಳುತ್ತದೆ. 2023ರ ಆಗಸ್ಟ್ ತಿಂಗಳಲ್ಲಿ ಕಾರವಾರ ತಾಲ್ಲೂಕಿನ ಸಿದ್ದರ ಗ್ರಾಮದಲ್ಲಿ ಎಂಟು ತಿಂಗಳ ಕೂಸೊಂದು ಮೊಬೈಲ್ ಚಾರ್ಜರಿನ ಪಿನ್ನನ್ನು ಬಾಯಿಗಿಟ್ಟುಕೊಂಡು ಪ್ರಾಣ ಕಳೆದುಕೊಂಡಿತು. ಫೋನನ್ನು ತೆಗೆದಿದ್ದರು, ಗೋಡೆಯ ಸ್ವಿಚ್ ಆರಿಸಿರಲಿಲ್ಲ. ಮಂಚದ ಪಕ್ಕದಲ್ಲಿ ಹೀಗೆ ವೈರು ನೇತಾಡದ ಮನೆ ನಮ್ಮ ನಲ್ಲೂರಿನಲ್ಲೂ ಕಡಿಮೆ.

ಚಾರ್ಜರಿನಲ್ಲಿ ಬರುವುದು ಐದು ವೋಲ್ಟ್ ತಾನೆ ಎಂದು ಓದಿದವರು ಕೇಳಬಹುದು. ನಿಜ. ಆದರೆ ಗೋಡೆಯ 230 ವೋಲ್ಟನ್ನು ತಗ್ಗಿಸುವ ಕೆಲಸ ಆ ಪುಟ್ಟ ಡಬ್ಬಿಯೊಳಗೆ ಆಗಬೇಕು. ಕಳಪೆ ಚಾರ್ಜರಿನಲ್ಲಿ ಒಳಗಿನ ತಡೆ ಕೆಟ್ಟರೆ ಗೋಡೆಯ ಕರೆಂಟೇ ಪಿನ್ನಿಗೆ ಬರುತ್ತದೆ. ಒಣ ಚರ್ಮ ವಿದ್ಯುತ್ತನ್ನು ಸ್ವಲ್ಪವಾದರೂ ತಡೆಯುತ್ತದೆ. ಬಾಯಿಯ ಒಳಭಾಗ ಸದಾ ಒದ್ದೆ. ದೊಡ್ಡವರ ಮೈಯಲ್ಲಿ ಹತ್ತು ಹದಿನೈದು ಮಿಲಿಆಂಪಿಯರ್ ಹರಿದರೆ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. ಮಕ್ಕಳಿಗೆ ಅಷ್ಟೂ ಬೇಡ. ‘ಕರೆಂಟು ಹಿಡ್ಕೊಂಡ್ಬಿಡ್ತು’ ಎನ್ನುತ್ತಾರಲ್ಲ, ಅದು ಇದೇ.

ಎರಡು ವರ್ಷದೊಳಗಿನ ಮಗುವಿಗೆ ಪಾಠ ಹೇಳಿ ಫಲವಿಲ್ಲ. ಅಲ್ಲಿ ಪಾಠ ಬೇಕಾದದ್ದು ಮನೆಯವರಿಗೆ. ಕೈಗೆಟುಕುವ ಸಾಕೆಟ್ಟುಗಳಿಗೆ ಮುಚ್ಚಳ ಹಾಕಿಸಿ. ಬಚ್ಚಲಲ್ಲಿ ಬಕೆಟ್ಟಿಗೆ ಕಾಯಿಲ್ ಇಟ್ಟಿರುವಾಗ ಮಗುವನ್ನು ಆ ಕಡೆ ಬಿಡಬೇಡಿ. ಫ್ಯೂಸ್ ಇದೆಯಲ್ಲ ಎಂಬ ಧೈರ್ಯ ಬೇಡ. ಫ್ಯೂಸ್ ವೈರನ್ನು ಕಾಪಾಡುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಪಾಡುವುದು 30 ಮಿಲಿಆಂಪಿಯರ್ ಸೋರಿದೊಡನೆ ಕರೆಂಟು ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್. ಅದರ ಜೊತೆಗೆ ಸರಿಯಾದ ಅರ್ಥಿಂಗ್ ಇರಬೇಕು. ಅಡಿಕೆ ತೋಟದ ಪಂಪ್‌ಸೆಟ್ಟಿಗೆ ಖರ್ಚು ಮಾಡುವ ನಾವು ಮನೆಯ ಬೋರ್ಡಿಗೆ ಮಾತ್ರ ಹಿಂದೆಮುಂದೆ ನೋಡುತ್ತೇವೆ.

ಮೂರು ವರ್ಷ ದಾಟಿದ ಮಗುವಿಗೆ ಹೇಳಿದ್ದು ಅರ್ಥವಾಗುತ್ತದೆ. ಆದರೆ ‘ಸ್ವಿಚ್ಚಿನೊಳಗೆ ಗುಮ್ಮ ಇದೆ’ ಎನ್ನಬೇಡಿ. ಗುಮ್ಮನನ್ನು ನೋಡುವ ಆಸೆ ಯಾವ ಮಗುವಿಗಿಲ್ಲ? ಕೈಹಿಡಿದು ಮನೆಯೆಲ್ಲ ಸುತ್ತಿಸಿ, ‘ಇದು ಕರೆಂಟಿನದು, ಅಮ್ಮನನ್ನು ಕೇಳದೆ ಮುಟ್ಟಬಾರದು’ ಎಂದು ಒಂದೊಂದನ್ನೇ ತೋರಿಸಿ. ನಾಳೆ ಅದೇ ನಿಮಗೆ ತೋರಿಸಲಿ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒದ್ದೆ ಕೈಯ ವಿಷಯ ಹೇಳಿ. ಸ್ವಿಚ್ ಆರಿಸಿ, ವೈರನ್ನು ಎಳೆಯದೆ ಪ್ಲಗ್ಗನ್ನು ಹಿಡಿದು ತೆಗೆಯುವುದನ್ನು ಮಾಡಿ ತೋರಿಸಿ. ಪ್ಲಗ್ಗಿಲ್ಲದ ಬರೀ ವೈರನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ತೂರಿಸುವ ಅಪ್ಪಂದಿರು ಎಷ್ಟು ಬುದ್ಧಿ ಹೇಳಿದರೂ ವ್ಯರ್ಥ. ಅದನ್ನು ನೋಡಿದ ಮಗು ಮೊಳೆಯನ್ನೋ ಹೇರ್‌ಪಿನ್ನನ್ನೋ ತೂರಿಸಿ ನೋಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪಾಠವನ್ನು ಬಹಳ ಮನೆಗಳಲ್ಲಿ ಹೇಳಿಕೊಡುವುದೇ ಇಲ್ಲ. ತಮ್ಮನಿಗೆ ಶಾಕ್ ಹೊಡೆದರೆ ಅಕ್ಕ ಓಡಿಹೋಗಿ ಅವನನ್ನು ಹಿಡಿದೆಳೆಯುತ್ತಾಳೆ, ಅವಳಿಗೂ ಹಿಡಿಯುತ್ತದೆ. ‘ಮುಟ್ಟಬೇಡ, ಕೂಗಿ ದೊಡ್ಡವರನ್ನು ಕರೆ’ ಎಂಬುದನ್ನು ಆಟದಂತೆ ಆಡಿಸಿ ಅಭ್ಯಾಸ ಮಾಡಿಸಬೇಕು. ಬೀದಿಯಲ್ಲಿ ತಂತಿ ಕಡಿದು ಬಿದ್ದಿದ್ದರೂ ಹತ್ತಿರ ಹೋಗಬಾರದು. ಅಂಥದ್ದು ಕಂಡರೆ ದೊಡ್ಡವರು 1912ಕ್ಕೆ ಫೋನ್ ಮಾಡಿ ಬೆಸ್ಕಾಂಗೆ ತಿಳಿಸಿ.

ಶಾಕ್ ಹೊಡೆದಾಗ ದೊಡ್ಡವರು ಮೊದಲು ಮೈನ್ ಸ್ವಿಚ್ ಆರಿಸಬೇಕು. ಅದಾಗದಿದ್ದರೆ ಒಣನೆಲದ ಮೇಲೆ ನಿಂತು ಒಣ ಮರದ ಕೋಲಿನಿಂದ ವೈರನ್ನು ಸರಿಸಿ. ಮಣ್ಣಿನಲ್ಲಿ ಹೂಳುವುದು, ನೀರು ಕುಡಿಸುವುದು ಬೇಡವೇ ಬೇಡ. ಉಸಿರಿಲ್ಲದಿದ್ದರೆ ತಡಮಾಡದೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಎದೆಯ ಮೂರನೆಯ ಒಂದು ಭಾಗದಷ್ಟು ಆಳಕ್ಕೆ ಒತ್ತಿ. 30 ಸಲ ಒತ್ತಿದ ಮೇಲೆ ಎರಡು ಸಲ ಬಾಯಿಯಿಂದ ಉಸಿರು ಕೊಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಪ್ರಜ್ಞೆ ತಪ್ಪಿದ್ದರೆ ಅಥವಾ ಮೈಮೇಲೆ ಸುಟ್ಟ ಗುರುತಿದ್ದರೆ, ಮಗು ಆಮೇಲೆ ಆಟವಾಡುತ್ತಿದ್ದರೂ ಆಸ್ಪತ್ರೆಗೆ ತೋರಿಸಿ. ಹೊರಗೆ ಕಾಳಿನಷ್ಟು ಕಂಡ ಗಾಯ ಒಳಗೆ ದೊಡ್ಡದಿರಬಹುದು. ವೈರು ಕಚ್ಚಿ ತುಟಿಯ ಅಂಚು ಸುಟ್ಟುಕೊಂಡ ಮಗುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದೆರಡು ವಾರದ ನಂತರ ಹೊಪ್ಪಳೆ ಉದುರುವಾಗ ತುಟಿಯ ರಕ್ತನಾಳ ತೆರೆದು ರಕ್ತ ಧಾರಾಕಾರ ಸುರಿಯಬಹುದು. ಆಗ ತುಟಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.