ಹೊಳೆದಂಡೆಯ ಕಾಡಿನಲ್ಲಿ ಗಾಲಿಮನೆಯ ಬಿಡಾರ



ಭಾರತ ಹುಣ್ಣಿಮೆ ಹತ್ತಿರ ಬಂದಿತೆಂದರೆ ನಮ್ಮ ಕಡೆಯ ಸವಾರಿ ಬಂಡಿಗಳ ಅಚ್ಚಿಗೆ ಎಣ್ಣೆ ಬೀಳುತ್ತದೆ. ಕೆಲವರು ಬಂಡಿಗೆ ಕಮಾನು ಕಟ್ಟಿ, ಹಲವರು ಟ್ರ್ಯಾಕ್ಟರಿನ ಟ್ರೇಲರಿಗೆ ತಾಡಪತ್ರಿ ಹೊದಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಮಕ್ಕಳು ಮರಿಗಳ ಸಮೇತ ಮೈಲಾರಕ್ಕೆ ಹೊರಡುತ್ತೀರಿ. ತುಂಗಭದ್ರೆಯ ದಂಡೆಯಲ್ಲಿ ಬಿಡಾರ ಬೀಳುತ್ತದೆ. ಇಂಥದೇ ಬಿಡಾರವನ್ನು ಬಹು ದೂರದ ಒಂದು ದೇಶದ ಜನ ಹೇಗೆ ಹೂಡುತ್ತಾರೆ ಎಂಬುದು ಈ ಸಲದ ಪಾಠ.

ಇದು ನನ್ನ ಕಿವಿಗೆ ಬಿದ್ದದ್ದು ಹೀಗೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಕೆಲಸದಲ್ಲಿರುವ ನಮ್ಮೂರ ಹುಡುಗನೊಬ್ಬ ರಜೆಗೆ ಬಂದಿದ್ದ. ಕಟ್ಟೆಯ ಮೇಲೆ ಕುಳಿತು ತನ್ನ ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದ. ಪೈನ್ ಮರಗಳ ಕಾಡು, ನಡುವೆ ಹೊಳೆ, ದಂಡೆಯಿಂದ ತುಸು ದೂರದಲ್ಲಿ ಬಸ್ಸಿನಂಥ ಒಂದು ಬಿಳಿ ವಾಹನ. ಅದರೊಳಗೇ ಮಂಚ, ಒಲೆ, ಬಚ್ಚಲು ಎಲ್ಲ ಇವೆ. ಆ ದೇಶದವರು ಇದಕ್ಕೆ ಆರ್.ವಿ. ಎನ್ನುತ್ತಾರೆ, ನಾವು ಗಾಲಿಮನೆ ಎನ್ನೋಣ. ಮುಂದಿನ ಚಿತ್ರದಲ್ಲಿ ನಮ್ಮ ಹುಡುಗ ಕೈಪಂಪು ಹೊಡೆದು ಕ್ಯಾನಿಗೆ ನೀರು ತುಂಬುತ್ತಿದ್ದ. ಅದನ್ನು ಕಂಡು ಹಿರಿಯರೊಬ್ಬರು, "ರೊಕ್ಕ ಕೊಟ್ಟು ಬೋರಿಂಗ್ ಹೊಡಿಯಾಕ ಅಲ್ಲೀತನಕ ಹೋಗ್ಬೇಕೇನೋ ತಮ್ಮಾ?" ಎಂದರು. ಕಟ್ಟೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮರುದಿನ ಅವನ ಮನೆಗೆ ಹೋಗಿ ಕೇಳಿಕೊಂಡು, ಆಮೇಲೆ ಓದಿಕೊಂಡು ನೋಡಲಾಗಿ, ನಗುವುದಕ್ಕಿಂತ ಕಲಿಯುವುದೇ ಹೆಚ್ಚಿದೆ ಎನಿಸಿತು.

ಆ ರಾಜ್ಯದ ಸರಕಾರಿ ಕಾಡುಗಳಲ್ಲಿ ಹೊಳೆ, ಕೆರೆಗಳ ಹತ್ತಿರ ಇಂಥ ಬಿಡಾರದ ತಾಣಗಳು ಬಹಳ ಇವೆ. ಇವುಗಳಿಗೆ 'ರಸ್ಟಿಕ್', ಅಂದರೆ ಹಳ್ಳಿಗಾಡಿನ ತಾಣ ಎಂದು ಹೆಸರು. ಕರೆಂಟಿಲ್ಲ, ನಲ್ಲಿಯಿಲ್ಲ. ಒಂದು ಕೈಪಂಪು, ಒಂದು ಕಕ್ಕಸು, ಊಟಕ್ಕೆ ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ. ಇಷ್ಟೇ. ಸುಮಾರು ಎರಡು ವಾರಕ್ಕಿಂತ ಹೆಚ್ಚು ಒಂದೇ ಕಡೆ ತಳ ಊರುವಂತಿಲ್ಲ. ರಾತ್ರಿ 10 ಗಂಟೆಯ ಮೇಲೆ ಗದ್ದಲ ಮಾಡುವಂತಿಲ್ಲ. ಅನೇಕ ತಾಣಗಳಲ್ಲಿ ಬಾಡಿಗೆ ವಸೂಲಿಗೆ ಆಳೂ ಇರುವುದಿಲ್ಲ. ಬಂದವರೇ ಹಣವನ್ನು ಲಕೋಟೆಯಲ್ಲಿ ಹಾಕಿ ನೆಟ್ಟ ಕಬ್ಬಿಣದ ಕೊಳವೆಯೊಳಗೆ ಇಳಿಬಿಡುತ್ತಾರೆ. (ನಮ್ಮ ನೀರಿನ ಕರವೂ ಹೀಗೆ ವಸೂಲಾಗುವ ಕಾಲ ಬಂದರೆ ನಮ್ಮ ಪಂಚಾಯತಿಯ ಕರ ವಸೂಲಿಗಾರರು ಹಬ್ಬ ಮಾಡಿಯಾರು.)

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾಲಿಮನೆಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳಿರುತ್ತವೆ. ಒಂದರಲ್ಲಿ ಒಳ್ಳೆಯ ನೀರು. ಎರಡನೆಯದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು. ಮೂರನೆಯದರಲ್ಲಿ ಕಕ್ಕಸಿನ ನೀರು. ಒಳ್ಳೆಯ ನೀರಿನ ತೊಟ್ಟಿ ಅನೇಕ ವಾಹನಗಳಲ್ಲಿ ನಮ್ಮ ನೀಲಿ ಡ್ರಮ್ಮಿಗಿಂತ ಚಿಕ್ಕದು. ನಾಲ್ಕು ಜನರ ಸಂಸಾರ ಅಷ್ಟರಲ್ಲೇ ದಿನಗಳನ್ನು ದೂಡಬೇಕು. ಹೀಗಾಗಿ ಮೈ ನೆನೆಸಿಕೊಂಡೊಡನೆ ನಲ್ಲಿ ನಿಲ್ಲಿಸುತ್ತಾರೆ, ಸಾಬೂನು ಹಚ್ಚಿಕೊಂಡ ಮೇಲೆ ಮತ್ತೆ ಬಿಡುತ್ತಾರೆ. ನೀರು ಸಾಲದಾದರೆ ಕೈಪಂಪಿನಿಂದ ಕ್ಯಾನಿನಲ್ಲಿ ಹೊತ್ತು ತರಬೇಕು. ಹೊತ್ತವನಿಗೆ ನೀರಿನ ಬೆಲೆ ಗೊತ್ತಿರುತ್ತದೆ. ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೆ ನಾವು ಮನಸ್ಸಿಟ್ಟು ನೋಡಬೇಕಾದದ್ದು ಉಳಿದೆರಡು ತೊಟ್ಟಿಗಳನ್ನು. ಒಂದು ಕ್ಯಾನು ಒಳ್ಳೆಯ ನೀರು ಒಳಗೆ ಹೋದರೆ ಹೆಚ್ಚುಕಡಿಮೆ ಅಷ್ಟೇ ಕೊಳೆ ನೀರು ಹಿಂದಿನ ತೊಟ್ಟಿಗಳಲ್ಲಿ ಸೇರುತ್ತದೆ. ಅದನ್ನು ಕಾಡಿನಲ್ಲಿ ಚೆಲ್ಲುವಂತಿಲ್ಲ, ಹೊಳೆಗೆ ಬಿಡುವಂತೂ ಇಲ್ಲ. ಹೊತ್ತುಕೊಂಡೇ ಹೋಗಿ, ಅದಕ್ಕೆಂದು ಕಟ್ಟಿದ ಗುಂಡಿಗೆ ಕೊಳವೆ ಹಚ್ಚಿ ಬಿಡಬೇಕು. ಈ ಗುಂಡಿ ಎಲ್ಲ ತಾಣಗಳಲ್ಲೂ ಇರುವುದಿಲ್ಲ. ಎಷ್ಟೋ ಸಲ ಮೈಲಿಗಟ್ಟಲೆ ಹೋಗಬೇಕಾಗುತ್ತದೆ. ತೊಟ್ಟಿ ತುಂಬಿದ ದಿನ ಬಿಡಾರವೂ ಮುಗಿಯಿತು.

ಇಷ್ಟು ಕಟ್ಟುನಿಟ್ಟು ಏಕೆ? ನಮ್ಮ ಹುಡುಗ ಇಳಿದಿದ್ದ ಹೊಳೆಯ ಹೆಸರು ಔ ಸಾಬಲ್. ಫ್ರೆಂಚ್ ಭಾಷೆಯ ಆ ಹೆಸರಿನಲ್ಲಿಯೇ ಮರಳು ಇದೆ. ಆ ಸೀಮೆಯ ನೆಲವೆಲ್ಲ ಮರಳು. ಬಿದ್ದ ಮಳೆ ಮೇಲೆ ಹರಿಯದೆ ಕೆಳಗಿಳಿದು, ಒಳಗೊಳಗೇ ಸಾಗಿ ಹೊಳೆಗೆ ಬಸಿಯುತ್ತದೆ. ಆದುದರಿಂದಲೇ ಹೊಳೆ ಬೇಸಗೆಯಲ್ಲೂ ತಣ್ಣಗೆ, ತಿಳಿಯಾಗಿ ಹರಿಯುತ್ತದೆ. ಮರಳು ಹೊಲಕ್ಕೆ ಎರಚಿದ ಯೂರಿಯಾ ಒಂದು ದೊಡ್ಡ ಮಳೆಗೆ ಬೇರಿನ ಕೆಳಗೆ ಇಳಿದುಹೋಗುವುದನ್ನು ನೀವು ಅನುಭವಿಸಿದ್ದೀರಿ. ಅಲ್ಲಿ ಚೆಲ್ಲಿದ ಕೊಳೆಯ ದಾರಿಯೂ ಅದೇ. ಕಕ್ಕಸು ಸಹ ನಮ್ಮ ಇಂಗುಗುಂಡಿಯಂತಲ್ಲ. ನೆಲದೊಳಗೆ ಸೋರದಂತೆ ಕಟ್ಟಿದ ಮುಚ್ಚು ತೊಟ್ಟಿ, ಕಾಲಕಾಲಕ್ಕೆ ಲಾರಿ ತಂದು ಬರಿದು ಮಾಡುತ್ತಾರೆ. ಹೊಳೆಯ ಹತ್ತಿರ ಇಂಗುಗುಂಡಿ ತೋಡುವವರು ಇದನ್ನು ಯೋಚಿಸಬೇಕು.

ಆ ಜನರೇನೂ ಹುಟ್ಟಿನಿಂದಲೇ ಇಂಥ ಎಚ್ಚರದವರಲ್ಲ. 19ನೆಯ ಶತಮಾನದ ಕೊನೆಯಲ್ಲಿ ಇದೇ ಹೊಳೆಯ ಇಕ್ಕೆಲದ ಪೈನ್ ಕಾಡನ್ನು ಬೋಳಿಸಿ ದಿಮ್ಮಿಗಳನ್ನು ನೀರಿನಲ್ಲಿ ತೇಲಿಬಿಟ್ಟರು. ದಿಮ್ಮಿಗಳು ಉಜ್ಜಿ ಹೊಳೆಯ ತಳ ಕೆದರಿತು, ಮೀನು ಮೊಟ್ಟೆಯಿಡುವ ಜಾಗ ಹಾಳಾಯಿತು, ಹಿಡಿಯುವವರು ಲೆಕ್ಕವಿಲ್ಲದೆ ಹಿಡಿದರು, ಹೊರಗಿನಿಂದ ಬೇರೆ ಜಾತಿಯ ಮೀನು ತಂದು ಬಿಟ್ಟರು. ಗ್ರೇಲಿಂಗ್ ಎಂಬ ಮೀನು 1930ರ ದಶಕದ ಹೊತ್ತಿಗೆ ಆ ರಾಜ್ಯದಿಂದಲೇ ಇಲ್ಲವಾಯಿತು. ಹೊಳೆಯ ಪಕ್ಕದಲ್ಲಿ ಗ್ರೇಲಿಂಗ್ ಎಂಬ ಊರು ಈಗಲೂ ಇದೆ. ಹೆಸರು ಉಳಿಯಿತು, ಮೀನು ಉಳಿಯಲಿಲ್ಲ. ಇಂದು ಬಿಡಾರದವರು ತಂಗುವ ಕಾಡು ಆಮೇಲೆ ನೆಟ್ಟು, ಕಾದು ಬೆಳೆಸಿದ್ದು.

ಇನ್ನು ಸೌದೆಯ ಮಾತು. ಬಿಡಾರಕ್ಕೆ ಬರುವವರು ಮನೆಯಿಂದ ಸೌದೆ ತರಬಾರದು, ಬೆಂಕಿ ಹಾಕುವ ಊರಿನ ಹತ್ತಿರವೇ ಕೊಳ್ಳಬೇಕು ಎಂದು ಅಲ್ಲಿ ತಿಳಿಹೇಳುತ್ತಾರೆ. ಬಿಟ್ಟಿ ಸೌದೆಯಿದ್ದರೂ ಏಕೆ ಬೇಡ ಎಂದು ನನಗೂ ಮೊದಲು ಸೋಜಿಗವಾಯಿತು. ಕಾರಣ ಒಂದು ಹಸಿರು ದುಂಬಿ. ಉದ್ದ ಒಂದು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಏಷ್ಯಾ ಖಂಡದ ಪೂರ್ವ ಭಾಗದ ಈ ಕೀಟವನ್ನು 2002ರಲ್ಲಿ ಮಿಶಿಗನ್ನಿನ ಡೆಟ್ರಾಯಿಟ್ ನಗರದ ಬಳಿ ಪತ್ತೆಹಚ್ಚಿದರು. ಇದರ ಮರಿಹುಳು ಆಷ್ ಎಂಬ ಮರದ ತೊಗಟೆಯ ಕೆಳಗೆ ಹಾವಿನ ಜಾಡಿನಂತೆ ಕೊರೆದು ತಿನ್ನುತ್ತದೆ. ಮರದ ರಸ ಹರಿಯುವ ದಾರಿ ತುಂಡಾಗಿ, ಕೆಲವೇ ವರ್ಷಗಳಲ್ಲಿ ಮರ ನಿಂತಲ್ಲೇ ಒಣಗುತ್ತದೆ. ದುಂಬಿ ತಾನಾಗಿ ಹಾರುವ ದೂರ ಕಡಿಮೆ. ಆದರೆ ಹುಳು ಹೊಕ್ಕ ಕಟ್ಟಿಗೆ ಗಾಡಿಯೇರಿದರೆ ಒಂದೇ ದಿನಕ್ಕೆ ನೂರಾರು ಕಿಲೋಮೀಟರು. ಹೀಗೆ ಅದು ಮೂವತ್ತಕ್ಕೂ ಹೆಚ್ಚು ರಾಜ್ಯಗಳನ್ನು ಹೊಕ್ಕಿತು, ಕೋಟಿಗಟ್ಟಲೆ ಮರಗಳನ್ನು ತಿಂದಿತು.

ಆಷ್ ಮರ ನಮ್ಮಲ್ಲಿಲ್ಲ, ಆ ದುಂಬಿಯ ಭಯ ನಮಗೆ ಬೇಡ. ಆದರೆ ಸಾಗಿಸುವ ಕೈ ನಮ್ಮದೂ ಇದೆ. ಕೊಳೆರೋಗ ಬಂದ ಹೊಲದ ಶುಂಠಿ ಬೀಜವನ್ನು ಅಗ್ಗವೆಂದು ತಂದು ನೆಟ್ಟವರ ಮಡಿಯಲ್ಲಿ ಏನಾಯಿತೆಂದು ಗೊತ್ತಿದೆ. ತೆಂಗಿನ ಗರಿಯನ್ನು ಕಪ್ಪಾಗಿಸುವ ಸುರುಳಿ ಬಿಳಿನೊಣ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಕಡೆ. ಅದು ಹಬ್ಬುವ ದಾರಿಗಳಲ್ಲಿ ಸಸಿ ಸಾಗಾಣಿಕೆಯೂ ಒಂದು. ಜಾತ್ರೆಯಿಂದ ಹಿಂದಿರುಗುವಾಗ ಟ್ರೇಲರಿನ ಮೂಲೆಯಲ್ಲಿ ಸಸಿ ಇಟ್ಟುಕೊಂಡು ಬರುವ ವಾಡಿಕೆ ಇದೆಯಲ್ಲ, ತರುವ ಮುನ್ನ ಎಲೆಯ ಅಡಿಭಾಗ ತಿರುವಿ ನೋಡಿರಿ.

ಬೆಂಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಜೂನ್ 3ರಂದು ಗ್ರೇಲಿಂಗ್ ಊರಿನ ಬಳಿ ಯಾರೋ ತಮ್ಮ ಜಾಗದಲ್ಲಿ ಹಾಕಿಕೊಂಡ ಬಿಡಾರದ ಬೆಂಕಿ ಕೈಮೀರಿ, ಸುಮಾರು 2,400 ಎಕರೆ ಸುಟ್ಟಿತು. ಬೂದಿಯ ಮೇಲೆ ಮಣ್ಣೆಳೆದರೆ ಸಾಲದು; ಒಳಗೆ ಕೆಂಡ ಬದುಕಿರುತ್ತದೆ. ನೀರು ಸುರಿದು, ಕೋಲಿನಿಂದ ಕಲಸಿ, ಮತ್ತೆ ಸುರಿದು, ಕಡೆಗೆ ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಬೇಕು. ಕಾವು ತಟ್ಟಿದರೆ ಇನ್ನೊಂದು ಕೊಡ.

ಕಳೆದ ವರ್ಷ ಜಾತ್ರೆ ಮುಗಿದ ಮೂರನೆಯ ದಿನ ನಮ್ಮ ಹೊಳೆಯ ದಂಡೆಯಲ್ಲಿ ನಾನು ನಡೆದುಹೋದೆ. ಯಾವ ಊರ ದಂಡೆ ಎಂದು ಹೇಳುವುದಿಲ್ಲ. ನಮ್ಮ ಮನೆಯವರೂ ಅಲ್ಲಿ ಇಳಿದಿದ್ದರು. ಊಟದ ಎಲೆ, ಪ್ಲಾಸ್ಟಿಕ್ ಲೋಟ, ಎಂಜಲು, ಮಕ್ಕಳನ್ನು ಕೂರಿಸಿದ ಗುರುತು, ಎಲ್ಲವೂ ನೀರಿನ ಅಂಚಿಗೇ. ಅಲ್ಲಿಂದ ಕೆಳಗೆ ಇದೇ ನೀರನ್ನು ಕುಡಿಯುವ ಜನರಿದ್ದಾರೆ, ದನಗಳಿವೆ. ವಾಂತಿಭೇದಿ, ವಿಷಮಶೀತ ಜ್ವರ ಎರಡಕ್ಕೂ ಇಷ್ಟು ಸಾಕು.

ನಮ್ಮ ಟ್ರೇಲರಿನ ಹೊಟ್ಟೆಯಲ್ಲಿ ಮೂರು ತೊಟ್ಟಿ ಕಟ್ಟಿಸಲು ನಾನು ಹೇಳುತ್ತಿಲ್ಲ. ಗಾಲಿಮನೆಯಿಲ್ಲದೆ ಬರೀ ಡೇರೆ ಹೊತ್ತು ಆ ಕಾಡುಗಳಿಗೆ ಹೋಗುವವರು ಪಾಲಿಸುವ ಒಂದು ಅಳತೆ ಇದೆ, ಅದಕ್ಕೆ ಖರ್ಚಿಲ್ಲ. ನೀರಿನಿಂದ 60 ಮೀಟರು, ಅಂದರೆ ದೊಡ್ಡಾಳಿನ ಸುಮಾರು 80 ಹೆಜ್ಜೆ ದೂರ. ಪಾತ್ರೆ ತೊಳೆಯುವುದು, ಮೈಗೆ ಸಾಬೂನು ಹಚ್ಚುವುದು, ಬಹಿರ್ದೆಸೆ, ಎಲ್ಲವೂ ಅದರಾಚೆ. ಕಕ್ಕಸು ಇರುವಲ್ಲಿ ಕಕ್ಕಸಿಗೇ ಹೋಗಬೇಕು. ಇಲ್ಲದ ಕಡೆ ಒಂದು ಗೇಣು ಆಳದ ಕುಣಿ ತೋಡಿ, ಕೂತೆದ್ದ ಮೇಲೆ ಅದೇ ಮಣ್ಣಿನಿಂದ ಮುಚ್ಚಬೇಕು. ದನಗಳಿಗೆ ನೀರು ಕುಡಿಸುವುದು ಮೇಲ್ಗಡೆ, ಮೈ ತೊಳೆಯುವುದು ಕೆಳಗಡೆ. ಕುಡಿಯುವ ನೀರನ್ನು ಮನೆಯಿಂದಲೇ ತುಂಬಿಕೊಂಡು ಹೋಗುವುದು ಲೇಸು.

ಈ ಸಲ ಬಂಡಿ ಕಟ್ಟುವಾಗ ಬುತ್ತಿಯ ಗಂಟಿನ ಜೊತೆಗೆ ಒಂದು ಸಲಿಕೆ, ಮುಚ್ಚಳವಿರುವ ಎರಡು ಕ್ಯಾನು, ಕಸ ತುಂಬಿ ವಾಪಸು ತರಲು ಒಂದು ಖಾಲಿ ಗೊಬ್ಬರದ ಚೀಲ ಹಾಕಿಕೊಳ್ಳಿರಿ. ಚೀಲವನ್ನು ಮೊದಲು ಚೆನ್ನಾಗಿ ಒಗೆದಿರಬೇಕು, ಮತ್ತು ಅದನ್ನು ಬುತ್ತಿಯ ಪಕ್ಕದಲ್ಲಿ ಇಡಬಾರದು.